ಪಿಸಿಪಿ ಏರ್ ರೈಫಲ್ ಗಾಳಿ ಸೋರುತ್ತಿತ್ತು, ಬಿಚ್ಚಿ ನೋಡಿದೆ

ರಾತ್ರಿ 200 ಬಾರ್ ತೋರಿಸುತ್ತಿದ್ದ ಗೇಜು ಬೆಳಿಗ್ಗೆ ನೋಡಿದರೆ 140. ಇಷ್ಟೇ ಆಗಿದ್ದರೆ ಎಲ್ಲೋ ಒಂದು ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಹೋಗಿದೆ ಅಂತ ಬದಲಾಯಿಸಿ ಸುಮ್ನೆ ಇರುತ್ತಿದ್ದೆ. ಆದರೆ ಜೊತೆಗೆ ಇನ್ನೊಂದು ಕಾಟ ಶುರುವಾಗಿತ್ತು. ದಿನದ ಮೊದಲ ಗುಂಡು 25 ಮೀಟರ್ ದೂರದ ಗುರಿಯಲ್ಲಿ ಒಂದು ಬೆರಳಷ್ಟು ಕೆಳಗೆ ಬೀಳುತ್ತಿತ್ತು. ಎರಡನೆಯದು ಸ್ವಲ್ಪ ಮೇಲೆ. ಆಮೇಲಿನವೆಲ್ಲ ಒಂದೇ ತೂತಿನ ಸುತ್ತ. ಮನೆಯೊಳಗೆ ಹೋಗಿ ಕಾಫಿ ಕುಡಿದು, ಒಂದಷ್ಟು ಹೊತ್ತು ಬಿಟ್ಟು ಬಂದು ಹೊಡೆದರೆ ಮತ್ತೆ ಮೊದಲನೆಯದು ಕೆಳಗೆ. ಕೈ ನಡುಗಿದರೆ ಗುಂಡು ಅತ್ತಿತ್ತ ಹೋಗುತ್ತದೆ, ಹೀಗೆ ಲೆಕ್ಕ ಹಾಕಿದಂತೆ ಕೆಳಗೇ ಬೀಳುವುದಿಲ್ಲ ಅಲ್ವಾ.

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದಿತ್ತು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಹೆಚ್ಚು ದಿನ ಇರಲಿಲ್ಲ. ಹಬ್ಬದ ಆಸುಪಾಸಿನಲ್ಲಿ ನಮ್ಮ ಕಡೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಶುರುವಾಗುತ್ತವೆ. ದೊಡ್ಡ ಕೋವಿಯವರಿಗೆ ತೆಂಗಿನಕಾಯಿ, ಏರ್‌ಗನ್‌ನವರಿಗೆ ಮೊಟ್ಟೆ. ತಂಗಿಯ ಮಗ ಈ ವರ್ಷ ಮೊಟ್ಟೆಗೆ ಹೊಡೆದೇ ತೀರುತ್ತೇನೆ ಅಂತ ಕೂತಿದ್ದ. "ಮಾಮ, ಮೊದಲನೇ ಗುಂಡೇ ಲೆಕ್ಕಕ್ಕೆ, ಎರಡನೇದು ಯಾರು ಕೊಡ್ತಾರೆ?" ಅಂತ ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಮೊದಲ ಗುಂಡು ನಂಬುವಂತಿಲ್ಲದ ರೈಫಲ್ ಇಟ್ಟುಕೊಂಡು ಸ್ಪರ್ಧೆಗೆ ಹೋಗುವುದು ಹೇಗೆ?

ಪಿಸಿಪಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್) ನೋಡದವರಿಗೆ ಎರಡು ಮಾತು. ಹಳೆಯ ಏರ್‌ಗನ್‌ನಲ್ಲಿ ಪ್ರತಿ ಗುಂಡಿಗೂ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯಬೇಕು. ಪಿಸಿಪಿಯಲ್ಲಿ ಹಾಗಿಲ್ಲ, ಒಂದು ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಟ್ಟಿರುತ್ತೇವೆ. ನನ್ನದರಲ್ಲಿ 200 ಬಾರ್, ಅಂದರೆ ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು. ಟ್ರಿಗರ್ ಎಳೆದಾಗ ಹ್ಯಾಮರ್ ಬಂದು ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದೆ ತೆರೆದು ಮುಚ್ಚುತ್ತದೆ, ಆ ಚೂರು ಗಾಳಿ ಪೆಲೆಟನ್ನು, ಅಂದರೆ ಏರ್‌ಗನ್ನಿನ ಸಣ್ಣ ಗುಂಡನ್ನು, ತಳ್ಳುತ್ತದೆ. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾಗುತ್ತಾ ಹೋದ ಹಾಗೆ ಗುಂಡಿನ ವೇಗ ಬದಲಾಗಬಾರದು ಅಂತ ನಡುವೆ ಒಂದು ರೆಗ್ಯುಲೇಟರ್ ಇರುತ್ತದೆ. ಸಿಲಿಂಡರಿನಲ್ಲಿ 200 ಇರಲಿ 150 ಇರಲಿ, ವಾಲ್ವಿನ ಹಿಂದಿನ ಕೋಣೆಗೆ ಅದು 100 ಬಾರ್ ಮಾತ್ರ ಬಿಡಬೇಕು. ನನ್ನ ರೈಫಲ್‌ನಲ್ಲಿ ಗೇಜು ಎರಡು. ಒಂದು ಸಿಲಿಂಡರಿನದು, ಇನ್ನೊಂದು ರೆಗ್ಯುಲೇಟರಿನದು. ಈ ಎರಡನೇ ಗೇಜು ಇಲ್ಲದಿದ್ದರೆ ನಾನು ಕತ್ತಲಲ್ಲಿ ತಡಕಾಡುತ್ತಿದ್ದೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಕೊಡಗು ಅಂದ ಕೂಡಲೇ ಎಲ್ಲ ಬಂದೂಕಿಗೂ ವಿನಾಯಿತಿ ಅಂದುಕೊಳ್ಳುವವರು ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಏರ್ ರೈಫಲ್ ಲೆಕ್ಕ ಬೇರೆ. ನಳಿಗೆ 4.5 ಮಿ.ಮೀ. ಮೀರಬಾರದು, ಶಕ್ತಿ 20 ಜೂಲ್ ಮೀರಬಾರದು. ಅಷ್ಟರೊಳಗಿದ್ದರೆ ಯಾರಿಗೂ ಲೈಸೆನ್ಸ್ ಬೇಡ. ರಿಪೇರಿ ಮಾಡುವವರಿಗೆ ಈ 20 ಜೂಲ್ ನೆನಪಿರಬೇಕು, ಯಾಕೆ ಅಂತ ಮುಂದೆ ಬರುತ್ತದೆ. ಇನ್ನು ತೋಟದಲ್ಲಿ ಇದನ್ನು ಕಂಡವರೆಲ್ಲ ಕೇಳುವುದು "ಮಂಗ ಓಡಿಸೋಕಾ?" ಅಂತ. ಅಲ್ಲ. ಕಾಗದ, ಡಬ್ಬಿ, ಮೊಟ್ಟೆ, ಇಷ್ಟೇ.

ಕೊಂಡ ಕಡೆಗೆ ಫೋನ್ ಮಾಡಿದೆ. ಕಳಿಸಿಕೊಡಿ, ನೋಡುತ್ತೇವೆ, ಮಳೆಗಾಲದಲ್ಲಿ ಕೆಲಸ ಜಾಸ್ತಿ, ಯಾವಾಗ ಆಗುತ್ತದೆ ಹೇಳಲು ಆಗುವುದಿಲ್ಲ ಅಂದರು. ಕೊರಿಯರ್‌ನವರು ಬಂದೂಕಿನ ಆಕಾರದ ಪೆಟ್ಟಿಗೆ ನೋಡಿಯೇ ಬೇಡ ಅಂದರು. ಕೋವಿ ರಿಪೇರಿ ಗೊತ್ತಿರುವ ಹಿರಿಯರೊಬ್ಬರು ನಮ್ಮ ಪಕ್ಕದ ತೋಟದಲ್ಲೇ ಇದ್ದಾರೆ, ಎರಡು ನಳಿಗೆಯ ಕೋವಿ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾರೆ. ಇದನ್ನು ಕೈಗೆ ತೆಗೆದುಕೊಂಡು ಅತ್ತ ತಿರುಗಿಸಿ ಇತ್ತ ತಿರುಗಿಸಿ "ಇದು ಕೋವಿ ಅಲ್ಲ ಮಾರಾಯ, ಇದರೊಳಗೆ ಇರೋದೆಲ್ಲ ಪಂಪ್‌ಸೆಟ್ ಕೆಲಸ, ನೀನೇ ಮಾಡು" ಅಂದರು. ನಾನು ವರ್ಷಗಟ್ಟಲೆ ಸ್ಪ್ರೇಯರ್ ಮತ್ತು ಮೋಟಾರ್ ಬಿಚ್ಚಿದವನು. ಅವರ ಮಾತೇ ಧೈರ್ಯ ಕೊಟ್ಟಿತು.

ಬಿಚ್ಚುವ ಮೊದಲು ಸೋರಿಕೆ ನಿಜವಾದದ್ದೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬಿಸಿ ಗಾಳಿ ತಣ್ಣಗಾದರೆ ಒತ್ತಡ ತಾನಾಗಿಯೇ ಇಳಿಯುತ್ತದೆ. ಮಧ್ಯಾಹ್ನ 28 ಡಿಗ್ರಿಯಲ್ಲಿ 200 ಬಾರ್ ಇದ್ದರೆ ಬೆಳಗಿನ ಜಾವ 18 ಡಿಗ್ರಿಯಲ್ಲಿ ಅದು ಸುಮಾರು 193 ಇರುತ್ತದೆ, ಒಂದು ಹನಿ ಗಾಳಿಯೂ ಹೊರಗೆ ಹೋಗದೆ. ಪಂಪು ಮಾಡಿದ ತಕ್ಷಣ ಸಿಲಿಂಡರ್ ಇನ್ನೂ ಬೆಚ್ಚಗಿರುವುದರಿಂದ ಮೊದಲ ಅರ್ಧ ಗಂಟೆಯಲ್ಲೂ ಸ್ವಲ್ಪ ಇಳಿಯುತ್ತದೆ. ಇದನ್ನು ನೋಡಿ ಹೆದರಿ ಚೆನ್ನಾಗಿರುವ ರೈಫಲ್ ಬಿಚ್ಚಿದವರನ್ನು ನಾನು ಬಲ್ಲೆ. ಆದರೆ 60 ಬಾರ್ ಇಳಿಯುವುದು ಚಳಿಯಿಂದಲ್ಲ. ಸಿಲಿಂಡರ್ 200 ಸಿಸಿ. 60 ಬಾರ್ ಅಂದರೆ 12 ಲೀಟರ್ ಗಾಳಿ, ರಾತ್ರಿಯ ಹತ್ತು ಗಂಟೆಗೆ ಹಂಚಿದರೆ ನಿಮಿಷಕ್ಕೆ 20 ಮಿಲಿಲೀಟರ್. ಕಿವಿಗೆ ಕೇಳುವುದಿಲ್ಲ, ಅದರಲ್ಲೂ ಹಂಚಿನ ಮೇಲೆ ಮಳೆ ಬಡಿಯುತ್ತಿರುವಾಗ. ನೊರೆಗೆ ಮಾತ್ರ ಸಿಕ್ಕೇ ಸಿಗುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಸ್ವಲ್ಪ ಹಾಕಿ, ಬಣ್ಣ ಹಚ್ಚುವ ಸಣ್ಣ ಬ್ರಷ್‌ನಲ್ಲಿ ಒಂದೊಂದೇ ಜಾಗಕ್ಕೆ ಹಚ್ಚುತ್ತಾ ಹೋದೆ. ಮೊದಲು ಗಾಳಿ ತುಂಬುವ ಬಾಯಿ. ಅಲ್ಲಿ ಗುಳ್ಳೆ ಬಂದರೆ ಒಳಗಿನ ಒಮ್ಮುಖ ವಾಲ್ವ್ ಕೆಟ್ಟಿದೆ ಅಂತ. ಬರಲಿಲ್ಲ. ಆಮೇಲೆ ನಳಿಗೆಯ ತುದಿ. ಅದಕ್ಕೆ ಮಕ್ಕಳ ಬಲೂನು ಸಿಕ್ಕಿಸಿ ಬಿಟ್ಟೆ. ಬಲೂನು ಉಬ್ಬಿದರೆ ಮುಖ್ಯ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಊಟ ಮಾಡಿ ಬಂದು ನೋಡಿದರೂ ಅದು ಜೋತುಬಿದ್ದೇ ಇತ್ತು. ಇದು ನೆಮ್ಮದಿಯ ವಿಷಯ, ಯಾಕೆಂದರೆ ಮುಖ್ಯ ವಾಲ್ವಿನ ಸೀಟು ಹಾಳಾದರೆ ಲೇತ್ ಮೆಷಿನ್ನಿನವರೆಗೂ ಕೆಲಸ ಹೋಗುತ್ತದೆ. ಕೊನೆಗೆ ಸಿಲಿಂಡರನ್ನು ಜೋಡಿಸಿರುವ ಕೊಳವೆಯ ಕೆಳಭಾಗದಲ್ಲಿ, ಮರದ ಹಿಡಿ ಮುಚ್ಚಿಕೊಂಡಿರುವ ಜಾಗದಲ್ಲಿ, ಸೂಜಿಯಷ್ಟು ದಪ್ಪದ ತೂತೊಂದಕ್ಕೆ ನೊರೆ ಹಚ್ಚಿದಾಗ ಗುಳ್ಳೆ ಮೇಲೆ ಗುಳ್ಳೆ ಎದ್ದವು. ಹಿಡಿ ಬಿಚ್ಚದೆ ಹುಡುಕಿದ್ದರೆ ಜನ್ಮದಲ್ಲಿ ಸಿಗುತ್ತಿರಲಿಲ್ಲ.

ಆ ತೂತು ಬೇಕೆಂದೇ ಇಟ್ಟದ್ದು. ರೆಗ್ಯುಲೇಟರಿನ ಉಸಿರಾಟದ ತೂತು ಅದು. ರೆಗ್ಯುಲೇಟರ್ ಒಳಗೆ ಒಂದು ಪಿಸ್ಟನ್ ಇರುತ್ತದೆ, ಅದರ ಸಪೂರ ಕಾಲಿನ ಸುತ್ತ ತಟ್ಟೆಯಾಕಾರದ ಸ್ಪ್ರಿಂಗ್ ವಾಷರ್‌ಗಳ ಸಾಲು. ವಾಷರ್‌ಗಳು ಪಿಸ್ಟನ್ನನ್ನು ಸೀಟಿನಿಂದ ದೂರ ತಳ್ಳುತ್ತವೆ, ಆಗ ಟೊಳ್ಳಾದ ಆ ಕಾಲಿನೊಳಗಿಂದಲೇ ಗಾಳಿ ಮುಂದಿನ ಕೋಣೆಗೆ ಹೋಗುತ್ತದೆ. ಕೋಣೆಯಲ್ಲಿ 100 ಬಾರ್ ತುಂಬಿದ ಕೂಡಲೇ ಆ ಒತ್ತಡ ಪಿಸ್ಟನ್ನಿನ ಅಗಲ ತಲೆಯನ್ನು ಒತ್ತಿ, ಕಾಲಿನ ತುದಿಯನ್ನು ಸೀಟಿಗೆ ಕೂರಿಸಿ, ದಾರಿ ಮುಚ್ಚುತ್ತದೆ. ಈ ತಕ್ಕಡಿ ನಡೆಯಬೇಕಾದರೆ ವಾಷರ್‌ಗಳಿರುವ ಜಾಗದಲ್ಲಿ ಹೊರಗಿನ ಸಾಮಾನ್ಯ ಗಾಳಿ ಮಾತ್ರ ಇರಬೇಕು. ಅದಕ್ಕೇ ತೂತು. ಅಲ್ಲಿಂದ ಗಾಳಿ ಸೋರುತ್ತಿದೆ ಅಂದರೆ ಎರಡು ಬದಿಯ ಓ-ರಿಂಗ್‌ಗಳಲ್ಲಿ ಯಾವುದೋ ಒಂದು ಬಿಟ್ಟಿದೆ.

ಯಾವುದು? ಇಲ್ಲಿ ಎರಡನೇ ಗೇಜು ಕೆಲಸಕ್ಕೆ ಬಂತು. ಸಂಜೆ ಒಂದು ಗುಂಡು ಹಾರಿಸಿ ಬಿಟ್ಟಾಗ ರೆಗ್ಯುಲೇಟರ್ ಗೇಜು 100 ತೋರಿಸುತ್ತಿತ್ತು, ಬೆಳಿಗ್ಗೆ ಅದು 130ರ ಹತ್ತಿರ. ಸಿಲಿಂಡರ್ ಇಳಿಯುತ್ತಿದೆ, ರೆಗ್ಯುಲೇಟರ್ ಏರುತ್ತಿದೆ. ಪಿಸ್ಟನ್ ತಲೆಯ ದೊಡ್ಡ ಓ-ರಿಂಗ್ ಸೋರುತ್ತಿದ್ದರೆ ಮುಂದಿನ ಕೋಣೆಯ ಒತ್ತಡ ಹೀಗೆ ಏರಿ ನಿಲ್ಲುತ್ತಿರಲಿಲ್ಲ, ಏರುವುದಕ್ಕೆ ಮೊದಲೇ ತೂತಿನಿಂದ ಹೊರಗೆ ಹೋಗುತ್ತಿತ್ತು. ಹಾಗಾಗಿ ಸೋರಿಕೆ ಸಿಲಿಂಡರ್ ಕಡೆಯದು, ಒಂದೋ ಪಿಸ್ಟನ್ ಕಾಲಿನ ಸಣ್ಣ ಓ-ರಿಂಗ್, ಇಲ್ಲವೇ ರೆಗ್ಯುಲೇಟರಿನ ಮೈಮೇಲಿನ ಹಿಂದಿನ ಓ-ರಿಂಗ್. ಒತ್ತಡ ಏರುತ್ತಿರುವುದು ಇನ್ನೊಂದು ಕಾಯಿಲೆ. ಸೀಟು ಪೂರ್ತಿ ಮುಚ್ಚುತ್ತಿಲ್ಲ, ಗಾಳಿ ಮೆಲ್ಲಗೆ ಒಳಗೆ ಜಾರುತ್ತಿದೆ. ಮೊದಲ ಗುಂಡಿನ ರಹಸ್ಯವೂ ಇದೇ. ವಾಲ್ವಿನ ಹಿಂದೆ ಒತ್ತಡ ಜಾಸ್ತಿಯಾದರೆ ಗುಂಡು ಜೋರಾಗಿ ಹೋಗಬೇಕು ಅಂತ ಅನ್ನಿಸುತ್ತದೆ, ಆದರೆ ಆ ಒತ್ತಡವೇ ವಾಲ್ವನ್ನು ಬಿಗಿಯಾಗಿ ಮುಚ್ಚಿ ಹಿಡಿದಿರುತ್ತದೆ. ಹ್ಯಾಮರಿನ ಪೆಟ್ಟು ಅಷ್ಟೇ. ವಾಲ್ವ್ ತೆರೆಯುವುದು ಕಡಿಮೆ, ಗಾಳಿ ಹೊರಬರುವುದು ಕಡಿಮೆ, ಗುಂಡು ನಿಧಾನ. ಗೋಣಿಕೊಪ್ಪದ ಸ್ನೇಹಿತರಿಂದ ಕ್ರೋನೋಗ್ರಾಫ್ ತಂದು ವೇಗ ಅಳೆದಾಗ ಮೊದಲ ಗುಂಡು ಸೆಕೆಂಡಿಗೆ 220 ಮೀಟರ್, ಆಮೇಲಿನವು 250ರ ಮೇಲೆ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಬಿಚ್ಚುವ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಳಗೆ ಗಾಳಿ ಇರುವಾಗ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಮೊದಲು ನಳಿಗೆಯಲ್ಲಿ ಪೆಲೆಟ್ ಇಲ್ಲ ಅಂತ ಕಡ್ಡಿ ತೂರಿಸಿ ನೋಡಿದೆ. ಗಾಳಿ ಬಿಡುವ ಸಣ್ಣ ಸ್ಕ್ರೂವನ್ನು ಅಲೆನ್ ಕೀಯಿಂದ ಕಾಲು ಸುತ್ತಿಗೂ ಕಡಿಮೆ ತಿರುಗಿಸಿ, ಸುಸ್ ಅಂತ ಹೋಗಲು ಬಿಟ್ಟೆ. ಅಷ್ಟು ಗಾಳಿ ಒಮ್ಮೆಗೇ ಹೊರಟಾಗ ಸ್ಕ್ರೂ ಸುತ್ತ ಲೋಹ ಮಂಜಿನಷ್ಟು ತಣ್ಣಗಾಗುತ್ತದೆ, ನಿಧಾನ ಇರಲಿ. ಸಿಲಿಂಡರ್ ಗೇಜು ಸೊನ್ನೆಗೆ ಬಂತು. ಕೆಲಸ ಮುಗಿಯಲಿಲ್ಲ. ರೆಗ್ಯುಲೇಟರ್ ಮತ್ತು ವಾಲ್ವ್ ನಡುವಿನ ಕೋಣೆಯಲ್ಲಿ ಇನ್ನೂ 100 ಬಾರ್ ಕೂತಿತ್ತು! ಪಿಸ್ಟನ್ ಮುಚ್ಚಿಕೊಂಡೇ ಇರುವುದರಿಂದ ಅದು ಹಿಂದಕ್ಕೆ ಹೋಗುವುದಿಲ್ಲ. ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆ ಹಿಡಿದು, ಬರೀ ಗಾಳಿಯನ್ನೇ ಹಾರಿಸುತ್ತಾ ಹೋದೆ. ಫಟ್ ಅನ್ನುವ ಸದ್ದು ಟಕ್ ಅನ್ನುವ ಲೋಹದ ಸದ್ದಾಗಿ, ಎರಡನೇ ಗೇಜೂ ಸೊನ್ನೆಗೆ ಬರುವವರೆಗೆ. ಇನ್ನೊಂದು ಗುರುತು ಇದೆ. ಒತ್ತಡ ಪೂರ್ತಿ ಹೋಗಿದ್ದರೆ ಸಿಲಿಂಡರ್ ಕೈಯಲ್ಲೇ ತಿರುಗುತ್ತದೆ. ತಿರುಗದಿದ್ದರೆ ಪೈಪ್ ಪಾನಾ ತರಲು ಓಡಬೇಡಿ, ಒಳಗೆ ಗಾಳಿ ಹಿಡಿದುಕೊಂಡಿದೆ ಅಂತಲೇ ತಿಳಿಯಿರಿ.

ಸಿಲಿಂಡರ್ ಬಿಚ್ಚಿ ಬಗ್ಗಿಸಿದೆ. ನೀರು! ಹೆಚ್ಚಲ್ಲ, ಹಳೆ ಬನಿಯನ್ ಬಟ್ಟೆಯ ಮೇಲೆ ಮೂರು ನಾಲ್ಕು ಕಂದು ಹನಿ. ಟಾರ್ಚ್ ಹಾಕಿ ಒಳಗೆ ನೋಡಿದರೆ ಅಲ್ಯೂಮಿನಿಯಂ ಗೋಡೆಯ ಮೇಲೆ ತೆಳು ಬಿಳಿ ಕಲೆ. ಉಗುರಿಗೆ ತಾಗುವಂಥ ಗುಳಿ ಇರಲಿಲ್ಲ, ಒರೆಸಿದರೆ ಹೋಯಿತು. ಗುಳಿ ಬಿದ್ದಿದ್ದರೆ ಆ ಸಿಲಿಂಡರನ್ನು ನಾನು ಮತ್ತೆ ತುಂಬುತ್ತಿರಲಿಲ್ಲ. ಸ್ಪರ್ಧೆಯ 10 ಮೀಟರ್ ರೈಫಲ್‌ಗಳ ಸಿಲಿಂಡರಿಗೆ ಸಾಮಾನ್ಯವಾಗಿ 10 ವರ್ಷದ ಗಡುವು ಹಾಕಿರುತ್ತಾರೆ, ಗಡುವು ಮುಗಿದದ್ದನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಸುಮ್ನೆ ಇಟ್ಟ ನಿಯಮ ಅಲ್ಲ ಅದು.

ಆದರೆ ಸಿಲಿಂಡರ್ ಅಲ್ಯೂಮಿನಿಯಂ ಆದರೆ ಕಂದು ಬಣ್ಣ ಎಲ್ಲಿಂದ ಬಂತು? ರೆಗ್ಯುಲೇಟರ್ ಹೊರಗೆ ತಳ್ಳಿದ ಮೇಲೆ ಗೊತ್ತಾಯಿತು. ಕೊಳವೆ ಕಬ್ಬಿಣದ್ದು. ರೆಗ್ಯುಲೇಟರ್ ಹಿಂದೆ, ಸಿಲಿಂಡರ್ ಸೇರುವ ಕಡೆ ನೀರು ನಿಂತು ತುಕ್ಕು ಹಿಡಿದು, ಆ ತುಕ್ಕು ಗ್ರೀಸಿನ ಜೊತೆ ಸೇರಿ ಕೆಸರಾಗಿತ್ತು. ಆ ಕೆಸರಿನ ಒಂದೊಂದು ಕಣವೂ ಗಾಳಿಯ ಜೊತೆ ಸೀಟಿನ ಕಡೆಗೇ ಹೋಗಬೇಕು, ಬೇರೆ ದಾರಿ ಇಲ್ಲ.

ರೆಗ್ಯುಲೇಟರನ್ನು ಅಡುಗೆಮನೆಯ ದೀಪದ ಕೆಳಗೆ ಬಿಳಿ ತಟ್ಟೆಯಲ್ಲಿ ಬಿಚ್ಚಿದೆ. ಹೆಂಡತಿ ಆ ತಟ್ಟೆ ಇನ್ನು ಅಡುಗೆಮನೆಗೆ ಬರುವುದು ಬೇಡ ಅಂದಳು, ಅದು ಈಗ ಶೆಡ್ಡಿನಲ್ಲಿದೆ. ಒಂದೊಂದು ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ. ಇದನ್ನು ಸೋಮಾರಿತನದಿಂದ ಬಿಡಬೇಡಿ, ಯಾಕೆಂದರೆ ಸ್ಪ್ರಿಂಗ್ ವಾಷರ್‌ಗಳು ಎಲ್ಲವೂ ಒಂದೇ ಕಡೆ ಮುಖ ಮಾಡಿರುವುದಿಲ್ಲ. ನನ್ನದರಲ್ಲಿ ಒಂದು ಬೋರಲು, ಒಂದು ಅಂಗಾತ, ಹೀಗೆ ಎದುರುಬದುರು. ಕೆಲವದರಲ್ಲಿ ಜೋಡಿ ಜೋಡಿಯಾಗಿ ಇರುತ್ತವೆ. ಒಂದು ತಿರುಗಿದರೂ ರೆಗ್ಯುಲೇಟರ್ ಬೇರೆಯೇ ಒತ್ತಡ ಕೊಡುತ್ತದೆ. ಸೀಟನ್ನು ಹಿಡಿದಿರುವ ಸ್ಕ್ರೂ ಎಷ್ಟು ಒಳಗಿದೆ ಅನ್ನುವುದನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡೆ. 100 ಬಾರ್ ನಿರ್ಧಾರವಾಗುವುದು ಅಲ್ಲಿಯೇ.

ಸೀಟು ಅಂದರೆ ಬೇರೇನಲ್ಲ, ಶರ್ಟಿನ ಗುಂಡಿಗಿಂತ ಚಿಕ್ಕದಾದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ. ಅದರ ಮೇಲೆ ಪಿಸ್ಟನ್ ಕಾಲು ಒತ್ತಿ ಒತ್ತಿ ಉಂಗುರದ ಗುರುತು ಬಿದ್ದಿತ್ತು. ಗುರುತು ಇರುವುದು ಸಹಜ. ಭೂತಕನ್ನಡಿಯಲ್ಲಿ ನೋಡಿದರೆ ಉಂಗುರದ ಒಂದು ಕಡೆ ಕಪ್ಪು ಚುಕ್ಕೆ, ತುಕ್ಕಿನ ಕಣವೊಂದು ಪ್ಲಾಸ್ಟಿಕ್ಕಿನೊಳಗೆ ಕೂತುಬಿಟ್ಟಿತ್ತು. ಮೊದಲ ಗುಂಡನ್ನು ಇಷ್ಟು ದಿನ ಕೆಳಗೆ ಎಳೆಯುತ್ತಿದ್ದದ್ದು ಅದು. ಬಿಲ್ಲೆಯ ಇನ್ನೊಂದು ಮುಖ ಬಳಸದೆ ಹೊಸದಾಗಿಯೇ ಇತ್ತು, ತಿರುಗಿಸಿ ಹಾಕಿದೆ. ಹಾಗೆ ತಿರುಗಿಸಲು ಬರದ ಸೀಟುಗಳೂ ಇವೆ. ಅವನ್ನು ಗಾಜಿನ ತುಂಡಿನ ಮೇಲೆ 2000 ನಂಬರಿನ ವಾಟರ್ ಪೇಪರ್ ಇಟ್ಟು, ನೀರು ಹಾಕಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ ಸಮ ಮಾಡಬೇಕು. ಪಿಸ್ಟನ್ ಕಾಲಿನ ತುದಿಗೆ ನಾನು ಮಾಡಿದ್ದು ಅದನ್ನೇ, ನಾಲ್ಕೈದು ಸುತ್ತು ಮಾತ್ರ. ಅಲ್ಲಿ ಹುಮ್ಮಸ್ಸು ಬೇಡ.

ಸಣ್ಣ ಓ-ರಿಂಗ್ ಒಂದು ಬದಿ ಚಪ್ಪಟೆಯಾಗಿ, ಅಂಚಿನಲ್ಲಿ ಕಚ್ಚಿದ ಹಾಗೆ ಸೀಳಿತ್ತು. ವಾಷರ್‌ಗಳ ಮೇಲೂ ತುಕ್ಕು, ಆದರೆ ಅದು ಒಳಗಿನ ನೀರಿನದಲ್ಲ. ಉಸಿರಾಟದ ತೂತಿನಿಂದ ನಮ್ಮ ಮಳೆಗಾಲದ ಗಾಳಿಯೇ ಒಳಗೆ ಹೋಗಿ ಮಾಡಿದ ಕೆಲಸ. ಗೋಡೆಗೆ ನೇತುಹಾಕಿದ ಬೆಲ್ಟಿಗೆ ಬೂಷ್ಟು ಬರುವ ಊರಲ್ಲಿ ಕಬ್ಬಿಣಕ್ಕೆ ತುಕ್ಕು ಬರದೆ ಇರುತ್ತದೆಯೇ. ಸ್ಟೀಲ್ ನಾರಿನಲ್ಲಿ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿದೆ. ಗುಳಿ ಬಿದ್ದ ವಾಷರ್ ಇರಲಿಲ್ಲ.

ಇನ್ನು ಓ-ರಿಂಗ್ ಹುಡುಕಾಟ. ಸುಂಟಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ಓ-ರಿಂಗ್ ಸಿಗುತ್ತದೆ, ಕುಶಾಲನಗರದಲ್ಲಿ ಮೋಟಾರಿನದು ಸಿಗುತ್ತದೆ, ನೋಡಲು ಎಲ್ಲವೂ ಒಂದೇ ಥರ ಕಪ್ಪಗೆ. ವ್ಯತ್ಯಾಸ ಗಡಸುತನದಲ್ಲಿದೆ. ಸಾಮಾನ್ಯ ಓ-ರಿಂಗ್ 70 ಶೋರ್. 200 ಬಾರ್ ಒತ್ತಡದಲ್ಲಿ ಅದು ಲೋಹದ ನಡುವಿನ ಸಣ್ಣ ಸಂದಿಗೆ ಹಿಂಡಿಕೊಂಡು ಹೋಗಿ ಹರಿಯುತ್ತದೆ. ಇಂಥ ಜಾಗಕ್ಕೆ 90 ಶೋರ್ ಬೇಕು. ಅಳತೆಯನ್ನೂ ಹಳೆಯ ರಿಂಗ್ ನೋಡಿ ತೆಗೆದುಕೊಳ್ಳಬಾರದು, ಅದು ಹಿಗ್ಗಿ ಚಪ್ಪಟೆಯಾಗಿ ಸುಳ್ಳು ಹೇಳುತ್ತದೆ. ಅದು ಕೂರುವ ತೋಡು (ಲೋಹದಲ್ಲಿ ಕೊರೆದ ಸಾಲು) ಅಳೆಯಬೇಕು. ನನಗೆ ಬೇಕಾದದ್ದು ಒಳ ಅಳತೆ 4, ದಪ್ಪ 1.5 ಮಿ.ಮೀ. ಕೊನೆಗೆ ಬೇರೆ ಕೆಲಸಕ್ಕೆ ಮೈಸೂರಿಗೆ ಹೋದಾಗ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಕಡೆ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು "ಯಾವ ಜೆಸಿಬಿಗೆ ಸಾರ್?" ಅಂದರು. ಏರ್ ರೈಫಲ್‌ಗೆ ಅಂದೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಎಲ್ಲ ಅಳತೆಯದೂ ನಾಲ್ಕು ನಾಲ್ಕು ಕೊಟ್ಟರು. ಮಡಿಕೇರಿಯಿಂದ ಬಂದವರು ಮತ್ತೆ ಮತ್ತೆ ಬರಬೇಕಾಗಬಾರದು ಅಂತ ಅವರೇ ಹೇಳಿದರು. ಬೆಲೆ ಹೇಳಿದರೆ ನಗುತ್ತೀರಿ, ಬಸ್ ಚಾರ್ಜಿಗಿಂತ ಕಡಿಮೆ.

ಗ್ರೀಸಿನ ವಿಷಯಕ್ಕೆ ಶೆಡ್ಡಿಗೆ ಬಂದವರೆಲ್ಲ ಸಲಹೆ ಕೊಟ್ಟರು. ಒಬ್ಬರು ಎಂಜಿನ್ ಆಯಿಲ್, ಒಬ್ಬರು ಹೊಲಿಗೆ ಮೆಷಿನ್ ಎಣ್ಣೆ, ಇನ್ನೊಬ್ಬರು ತುಕ್ಕು ಬಿಡಿಸುವ ಸ್ಪ್ರೇ. ಬೇಡವೇ ಬೇಡ. ಗಾಳಿಯನ್ನು ಒಮ್ಮೆಗೇ ಒತ್ತಿದರೆ ಅದು ಕಾಯುತ್ತದೆ, ಡೀಸೆಲ್ ಎಂಜಿನ್ ಸ್ಪಾರ್ಕ್ ಪ್ಲಗ್ ಇಲ್ಲದೆ ಓಡುವುದೇ ಅದರಿಂದ. 200 ಬಾರ್ ಗಾಳಿಯಲ್ಲಿ ಆಮ್ಲಜನಕವೂ ಒತ್ತೊತ್ತಾಗಿ ತುಂಬಿರುತ್ತದೆ. ಅಲ್ಲಿ ಪೆಟ್ರೋಲಿಯಂ ಎಣ್ಣೆ ಇದ್ದರೆ ಹೊತ್ತಿಕೊಳ್ಳಬಹುದು, ಮುಖದ ಪಕ್ಕದಲ್ಲೇ. ಸ್ಕೂಬಾ ಡೈವಿಂಗ್‌ನವರು ಬಳಸುವ ಶುದ್ಧ ಸಿಲಿಕೋನ್ ಗ್ರೀಸು ಮಾತ್ರ, ಅದೂ ಓ-ರಿಂಗ್ ಮಿಂಚುವಷ್ಟು. ಜಾಸ್ತಿ ಹಚ್ಚಿದರೆ ಕಸ ಹಿಡಿಯಲು ಅಂಟು ಇಟ್ಟ ಹಾಗೆ.

ಜೋಡಿಸುವಾಗ ಹೊಸ ಓ-ರಿಂಗ್‌ಗೆ ಇರುವ ಅಪಾಯ ನಮ್ಮ ಕೈಯೇ. ತೆಗೆಯಲು ಹಾಕಲು ಸ್ಕ್ರೂಡ್ರೈವರ್ ಬಳಸಿದರೆ ತೋಡಿನಲ್ಲಿ ಗೀರು ಬೀಳುತ್ತದೆ, ಆ ಗೀರಿನಿಂದಲೇ ಗಾಳಿ ಹೋಗುತ್ತದೆ. ನಾನು ಬಿದಿರಿನ ಕಡ್ಡಿ ಚೂಪು ಮಾಡಿಕೊಂಡೆ. ರೆಗ್ಯುಲೇಟರನ್ನು ಕೊಳವೆಯೊಳಗೆ ತಳ್ಳುವಾಗ ಅದರ ಓ-ರಿಂಗ್ ಉಸಿರಾಟದ ತೂತನ್ನು ದಾಟಿಯೇ ಹೋಗಬೇಕು, ತೂತಿನ ಒಳ ಅಂಚು ಬ್ಲೇಡಿನಷ್ಟು ಚೂಪಾಗಿರುತ್ತದೆ. ಹಳೆಯ ರಿಂಗುಗಳಲ್ಲಿ ಒಂದಕ್ಕೆ ಕಾರ್ಖಾನೆಯಲ್ಲೇ ಅಲ್ಲಿ ಗಾಯವಾಗಿತ್ತು ಅಂತ ನನಗೆ ಅನುಮಾನ. ಕಡ್ಡಿಗೆ ವಾಟರ್ ಪೇಪರ್ ಸುತ್ತಿ ಆ ಅಂಚನ್ನು ಮೊಂಡು ಮಾಡಿ, ಒಳಗೆಲ್ಲ ಒರೆಸಿ, ರೆಗ್ಯುಲೇಟರನ್ನು ತಿರುಗಿಸದೆ ನೇರವಾಗಿ, ಮೆಲ್ಲಗೆ ತಳ್ಳಿದೆ.

ಖಾಲಿ ರೈಫಲ್‌ಗೆ ಪಂಪು ಹೊಡೆಯಲು ಶುರು ಮಾಡಿದರೆ ಗಾಳಿ ನಳಿಗೆಯಿಂದ ಹಾಗೇ ಹೊರಗೆ ಹೋಗುತ್ತದೆ, ಆಗ ರಿಪೇರಿ ಕೆಟ್ಟಿತು ಅಂತ ಎದೆ ಧಸಕ್ ಅನ್ನಬೇಕಿಲ್ಲ. ಒಳಗೆ ಒತ್ತಡ ಇಲ್ಲದಾಗ ವಾಲ್ವನ್ನು ಮುಚ್ಚಿ ಹಿಡಿಯಲು ಹೆಚ್ಚೇನೂ ಇರುವುದಿಲ್ಲ, ಹ್ಯಾಮರ್ ಬೇರೆ ಅದರ ಮೇಲೆ ಒರಗಿರುತ್ತದೆ. ಪೆಲೆಟ್ ಇಲ್ಲದೆ ಹ್ಯಾಮರ್ ಎಳೆದಿಟ್ಟುಕೊಂಡು ಪಂಪು ಮಾಡಿದರೆ ವಾಲ್ವ್ ಕೂರುತ್ತದೆ. ಕೈಪಂಪಿನಲ್ಲಿ 100 ಬಾರ್‌ವರೆಗೆ ಹುಡುಗಾಟ, 150 ದಾಟಿದ ಮೇಲೆ ಮೈಭಾರವನ್ನೇ ಹಾಕಬೇಕು. ಮುರುಡೇಶ್ವರದ ಕಡೆಯವರಿಗಾದರೆ ಡೈವಿಂಗ್ ಸಿಲಿಂಡರ್ ತುಂಬುವವರು ಊರಲ್ಲೇ ಇದ್ದಾರೆ, ನಮಗೆ ಘಟ್ಟದ ಮೇಲೆ ತೋಳೇ ಗತಿ. 50ಕ್ಕೆ ನಿಲ್ಲಿಸಿ ನೊರೆ ಹಚ್ಚಿದೆ, 100ಕ್ಕೆ ನಿಲ್ಲಿಸಿ ಹಚ್ಚಿದೆ. ಉಸಿರಾಟದ ತೂತು ಸದ್ದಿಲ್ಲ.

ಬೆಳಿಗ್ಗೆ ನೋಡಿದರೆ 200 ಇದ್ದದ್ದು 180. ರೆಗ್ಯುಲೇಟರ್ ಗೇಜು 100ರಲ್ಲಿ ಗಟ್ಟಿಯಾಗಿ ನಿಂತಿತ್ತು, ಹಾಗಾಗಿ ಒಳಗೆ ಮತ್ತೆ ಹೋಗುವ ಅಗತ್ಯ ಇಲ್ಲ ಅಂತ ಗೊತ್ತಾಯಿತು. ಹೊರಗಿನದ್ದೇ ಏನೋ. ದೊಡ್ಡ ಸೋರಿಕೆ ಇರುವಾಗ ಸಣ್ಣದು ಅದರ ನೆರಳಲ್ಲಿ ಅಡಗಿರುತ್ತದೆ. ಸಿಲಿಂಡರ್ ಗೇಜಿನ ಬುಡಕ್ಕೆ ನೊರೆ ಹಚ್ಚಿ ಕಾದಾಗ ಸಾಸಿವೆಯಷ್ಟು ಗುಳ್ಳೆಯೊಂದು ನಿಧಾನವಾಗಿ ದೊಡ್ಡದಾಯಿತು. ಮತ್ತೆ ಗಾಳಿಯೆಲ್ಲ ಬಿಟ್ಟು ಗೇಜು ಬಿಚ್ಚಿದೆ. ಬುಡದಲ್ಲಿ ಲೋಹದ ಬಳೆಗೆ ರಬ್ಬರ್ ಅಂಟಿಸಿದ ಬಾಂಡೆಡ್ ಸೀಲ್, ರಬ್ಬರ್ ಬಿರಿದಿತ್ತು. ಅದೂ ಹೈಡ್ರಾಲಿಕ್ ಅಂಗಡಿಯ ಸಾಮಾನೇ. ಮೈಸೂರಿನಿಂದ ಬರುತ್ತಿದ್ದ ಪರಿಚಯದವರ ಕೈಲಿ ತರಿಸಿ ಹಾಕಿದೆ. ಮರುದಿನ 196. ಆ ನಾಲ್ಕು ಬಾರ್ ಚಳಿಯ ಲೆಕ್ಕಕ್ಕೆ.

ಆಮೇಲೆ ಕ್ರೋನೋಗ್ರಾಫ್ ಮುಂದೆ ಕೂತೆ. ಮೊದಲ ಗುಂಡು 252. ಆಮೇಲಿನವು 251ರಿಂದ 256ರ ಒಳಗೆ. ತಂಗಿಯ ಮಗನಿಗೆ ಆಸೆ ಹೆಚ್ಚಾಯಿತು. "ಮಾಮ, ಹ್ಯಾಮರ್ ಸ್ಪ್ರಿಂಗ್ ಇನ್ನೆರಡು ಸುತ್ತು ಬಿಗಿ ಮಾಡಿದ್ರೆ 280 ಬರಲ್ವಾ?" ಬರಬಹುದು. ನನ್ನ ಪೆಲೆಟ್ 0.54 ಗ್ರಾಂ. 255 ಮೀಟರ್ ವೇಗದಲ್ಲಿ ಅದರ ಶಕ್ತಿ 17.5 ಜೂಲ್ ಚಿಲ್ಲರೆ. 272 ದಾಟಿದರೆ 20 ಜೂಲ್ ದಾಟುತ್ತದೆ, ಆಮೇಲೆ ಅದು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ವಸ್ತು ಅಲ್ಲ. ಒಲಿಂಪಿಕ್ಸ್‌ನ 10 ಮೀಟರ್ ರೈಫಲ್‌ಗಳು ಇದಕ್ಕಿಂತ ಎಷ್ಟೋ ನಿಧಾನ, ಅವುಗಳಲ್ಲೇ ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು ಅಂತ ಹೇಳಿದೆ. ಒಪ್ಪಿದನೋ ಇಲ್ಲವೋ, ಅಲೆನ್ ಕೀ ಮಾತ್ರ ನನ್ನ ಜೇಬಲ್ಲೇ ಇದೆ.

ಉಳಿದದ್ದು ನೀರಿನ ಪ್ರಶ್ನೆ. ಅದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ. 20 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿನ ಆವಿ ಇರುತ್ತದೆ. ಸಿಲಿಂಡರ್ ತುಂಬಲು 40 ಲೀಟರ್ ಗಾಳಿ ಬೇಕು, ಅಂದರೆ ಖಾಲಿಯಿಂದ ಒಮ್ಮೆ ತುಂಬಿದರೆ 0.7 ಗ್ರಾಂ ನೀರು ಪಂಪಿನೊಳಗೆ ಹೋಗುತ್ತದೆ. ಒತ್ತಡದಲ್ಲಿ ಆವಿ ಆವಿಯಾಗಿ ಉಳಿಯುವುದಿಲ್ಲ, ಹನಿಯಾಗುತ್ತದೆ. ಒಂದಷ್ಟು ಪಂಪಿನಲ್ಲೇ ನಿಲ್ಲುತ್ತದೆ, ಒಂದಷ್ಟು ರೈಫಲ್‌ಗೆ. ರಾಜಸ್ಥಾನದವರಿಗೆ ಈ ತಲೆನೋವು ಇರಲಿಕ್ಕಿಲ್ಲ. ನಮ್ಮ ಕೊಡಗಿನ ಮಾದಾಪುರದಲ್ಲಿ ಜುಲೈ ತಿಂಗಳಲ್ಲಿ ಪಂಪು ಹೊಡೆಯುವುದು ಅಂದರೆ ಮಳೆಯನ್ನೇ ಬಂದೂಕಿಗೆ ತುಂಬಿದ ಲೆಕ್ಕ.

ಈಗ ಪಂಪಿನ ಗಾಳಿ ಎಳೆಯುವ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಸೇರಿಸಿದ್ದೇನೆ. ಕಿತ್ತಳೆ ಬಣ್ಣದ ಮಣಿಗಳು, ನೀರು ಕುಡಿದರೆ ಹಸಿರಾಗುತ್ತವೆ. ಹಸಿರಾದ ಮೇಲೆ ಸಣ್ಣ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಕಿತ್ತಳೆ. ನೀಲಿ ಬಣ್ಣದ್ದೂ ಸಿಗುತ್ತದೆ, ಅದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ನಾನಂತೂ ಕೊಳ್ಳಲೇ ಇಲ್ಲ. ಐವತ್ತು ಸಲ ಪಂಪು ಹೊಡೆದ ಮೇಲೆ ಪಂಪಿನ ಗಾಳಿ ಬಿಡುವ ಸ್ಕ್ರೂ ತೆರೆದು ನೀರು ಉಗುಳಿಸಿ, ಪಂಪಿನ ಬುಡ ಕೈಗೆ ಬೆಚ್ಚಗಾಗಿದ್ದರೆ ಆರಲು ಬಿಟ್ಟು, ಆಮೇಲೆ ಮುಂದುವರಿಸುತ್ತೇನೆ. ಸಾಧ್ಯವಾದಷ್ಟು ಬಿಸಿಲು ಬಿದ್ದ ಮಧ್ಯಾಹ್ನವೇ ತುಂಬುತ್ತೇನೆ, ಮಂಜು ಕವಿದ ಬೆಳಿಗ್ಗೆ ಅಲ್ಲ. ರೈಫಲ್ ಪೂರ್ತಿ ಖಾಲಿ ಮಾಡಿಯೂ ಇಡುವುದಿಲ್ಲ, ನೂರರ ಮೇಲೆ ಸ್ವಲ್ಪ ಗಾಳಿ ಇದ್ದರೆ ಓ-ರಿಂಗ್‌ಗಳು ತಮ್ಮ ಜಾಗದಲ್ಲಿ ಒತ್ತಿ ಕೂತಿರುತ್ತವೆ. ಪೆಲೆಟ್ ಡಬ್ಬಿ ಬೇರೆ ಕಪಾಟಿನಲ್ಲಿ, ರೈಫಲ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಮುಂಚೆ ಪಂಪಿನ ಒಳಗಿನ ರಿಂಗುಗಳನ್ನೂ ಬದಲಾಯಿಸಬೇಕು, ಅಳತೆ ಬರೆದಿಟ್ಟಿದ್ದೇನೆ.